ಇಳಿಯುವ ಹೊತ್ತು ಮೂರು ಇಪ್ಪತ್ತು

ಆ ಮಂಗಳವಾರ ಬೆಳಿಗ್ಗೆ ನಮ್ಮ ಯಜಮಾನರು ಕಾರು ತೊಳೆದರು. ಚಹಾ ಕುಡಿದರು. ಸಕ್ಕರೆ ಕಮ್ಮಿ ಎಂದು ಬೈದರು. ಸಕ್ಕರೆ ಬಿಡಬೇಕು ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ನಾನು ಹಾಕಲಿಲ್ಲ. ಅವರು ಬೈದುಕೊಂಡೇ ಗುಬ್ಬಿಗೆ ಹೊರಟರು. ಎರಡು ಸಾವಿರದ ಮೂರನೇ ಇಸವಿ, ಮೇ ತಿಂಗಳು. ಅವತ್ತು ಒಂದು ಚಮಚ ಹಾಕಿದ್ದರೆ ಏನಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಅವರ ಹೆಸರು ಇಸಾಕ್ ಸಾಬ್. ತುಮಕೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಬಿಳಿ ಅಂಬಾಸಿಡರ್. ನಾನು ನಜೀರಾ. ತವರು ಗುಬ್ಬಿ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಮನೆಯ ಮಾತು ಉರ್ದು, ಬರೆಯಲು ಬರುವುದು ಕನ್ನಡ ಒಂದೇ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.

ಒಂಬತ್ತೂವರೆಗೆ ಕಾರು ಗುಬ್ಬಿಯಿಂದ ಬಂದು ಮನೆ ಮುಂದೆ ನಿಂತಿತು. ಒಳಗೆ ನಾಲ್ಕು ಜನ ಗಾರೆ ಕೆಲಸದವರು. ದುಬೈಗೆ ಹೊರಟಿದ್ದರು. ಅವರ ನಡುವೆ ಒಬ್ಬ ಹೆಂಗಸು ಚೀಲ ಅವುಚಿಕೊಂಡು ಕೂತಿದ್ದಳು. ಅವಳು ರಂಗಮ್ಮ, ಹಾಗಲವಾಡಿಯವಳು. ನಾಲ್ವರಲ್ಲಿ ಬೆಟ್ಟಯ್ಯ ಎಂಬುವನು ಅವಳ ಮಗ. ಏರ್‌ಪೋರ್ಟಿನ ತನಕ ಬರುತ್ತೇನೆ ಎಂದು ಹಟ ಮಾಡಿ ಹತ್ತಿದ್ದಳಂತೆ.

"ಇಲ್ಲೇ ಇಳ್ಕೊಳಮ್ಮ" ಎಂದರು ನಮ್ಮವರು. "ಐದು ಜನ ಕೂತ್ರೆ ಸ್ಪ್ರಿಂಗು ಮುರಿತದೆ. ಅಲ್ಲಿ ಬಂದ್ರೂ ಗೇಟಿಂದ ಒಳಕ್ಕೆ ಬಿಡಲ್ಲ. ನಮ್ಮ ಮನೇಲಿ ಕೂತಿರು. ನಿನ್ ಮಗ ಎಲ್ಲವ್ನೆ ಅಂತ ನಮ್ಮೋಳು ಗಳಿಗೆ ಗಳಿಗೆಗೂ ಹೇಳ್ತಾಳೆ."

"ಅವ್ವ ಇಲ್ಲಿ ಕೂತ್ಕಂಡು ಅಲ್ಲೀದು ಹೆಂಗೆ ಹೇಳ್ತಾರೆ ಸಾಬ್ರೆ?" ಎಂದಳು ರಂಗಮ್ಮ.

"ಅದಕ್ಕೊಂದು ಮಿಶಿನ್ ಐತೆ" ಎಂದು ಅವರು ಒಳಗೆ ಬಂದು ಬಾಗಿಲ ಪಕ್ಕದಲ್ಲಿ ನೇತು ಹಾಕಿದ್ದ ಸ್ಲೇಟನ್ನು ತೆಗೆದುಕೊಂಡರು.

ಮರದ ಚೌಕಟ್ಟಿನ ಸ್ಲೇಟು. ನಮ್ಮ ಮಗಳು ಮೆಹನಾಜ್ ಶಾಲೆಗೆ ಒಯ್ಯುತ್ತಿದ್ದದ್ದು. ಒಂದು ಮೂಲೆ ಒಡೆದಿತ್ತು. ಅದರ ಮೇಲೆ ಬಳಪದಿಂದ ಒಂದು ಅಡ್ಡಗೆರೆ ಎಳೆದರು. ಒಂದು ತುದಿಗೆ ಬೆಂಗಳೂರು, ಇನ್ನೊಂದು ತುದಿಗೆ ದುಬೈ. ಬೆಟ್ಟಯ್ಯನ ಟಿಕೀಟು ಇಸಿದುಕೊಂಡು ನೋಡಿ, ಕೆಳಗೆ ಬರೆದರು. ಬಿಡುವುದು 4.10. ಇಳಿಯುವುದು 6.40. ಅದರ ಪಕ್ಕದಲ್ಲಿ, ನಮ್ಮ ಗಂಟೆ 8.10.

"ಅಲ್ಲಿ ಆರೂ ನಲವತ್ತು ಅಂದ್ರೆ ನಮಗೆ ಎಂಟೂ ಹತ್ತು" ಎಂದರು. "ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೀಟಲ್ಲಿ ಇಳಿಯೋ ಹೊತ್ತು ಏನಿರುತ್ತೋ ಅದಕ್ಕೆ ಒಂದೂವರೆ ಸೇರಿಸ್ಬೇಕು. ಅಲ್ವೇನೇ ನಜೀರಾ?"

"ಹ್ಞೂ" ಎಂದೆ. ನಾಲ್ಕು ವರ್ಷದಿಂದ ಕೇಳಿದ ಪಾಠ.

ಅವರು ಹೋದರು. ರಂಗಮ್ಮ ಚಾಪೆಯ ಮೇಲೆ ಸ್ಲೇಟಿನ ಎದುರಿಗೇ ಕೂತಳು. ನಾನು ಅನ್ನ ಕೊಟ್ಟರೆ, ನಮ್ಮ ಮನೆಯಲ್ಲಿ ಉಣ್ಣುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿದಳು. ಬರೀ ಸೊಪ್ಪಿನ ಸಾರು ಎಂದ ಮೇಲೆ ಉಂಡಳು. ನಾಲ್ಕೂ ಹತ್ತಕ್ಕೆ ನಾನು ಬೆಂಗಳೂರಿನ ಮೇಲೆ ಬೆರಳಿಟ್ಟೆ. ಐದಕ್ಕೆ ಒಂದಿಷ್ಟು ಮುಂದೆ.

"ಈಗ್ ಎಲ್ಲವ್ನೆ?"

"ಸಮುದ್ರದ ಹತ್ತಿರ."

"ದಾಟ್ಬುಟ್ಟನಾ?"

"ಈಗ ಶುರು ಕಣಮ್ಮ. ಇನ್ನು ಮೂರು ಗಂಟೆ ಬರೀ ನೀರೇ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಏಳೂವರೆಗೆ ನಮ್ಮವರು ವಾಪಸು ಬಂದಾಗಲೂ ಹಾಗೇ ಕೂತಿದ್ದಳು.

"ಇನ್ನೂ ನೀರಾ ಸಾಬ್ರೆ?"

"ಇನ್ನೊಂದ್ ಚೂರು."

"ಕೆಳೀಕ್ ನೋಡಿದ್ರೆ ತಲೆ ತಿರಗಲ್ವಾ ಅವುನ್ಗೆ?"

"ನೋಡಕ್ಕೇನೈತೆ? ನಮ್ ಕುಣಿಗಲ್ ಕೆರೆ ಥರ. ದಡ ಒಂದ್ ಇಲ್ಲ ಅಷ್ಟೆ."

"ನೀವ್ ಹೋಗಿದ್ರಾ?"

"ನಾನ್ಯಾಕ್ ಹೋಗ್ಲಿ? ನಾನ್ ಹೋದ್ರೆ ಇಲ್ಲಿ ಹೇಳೋರ್ ಯಾರು?"

ಎಂಟೂ ಹತ್ತಕ್ಕೆ ಕೈಗಡಿಯಾರ ನೋಡಿ "ಇಳ್ದ ಕಣಮ್ಮ" ಎಂದರು. ಅದು ನಮ್ಮ ತುಮಕೂರಿನ ಫ್ಯಾಕ್ಟರಿಯ ಎಚ್‌ಎಂಟಿ ವಾಚು. ನಿಮಿಷವೂ ತಪ್ಪುವುದಿಲ್ಲ ಎಂದು ಅವರಿಗೆ ಹೆಮ್ಮೆ. ರಂಗಮ್ಮ ಎದ್ದು ಸ್ಲೇಟಿಗೇ ಕೈ ಮುಗಿದಳು. ನಮಗಿಬ್ಬರಿಗೂ ನಗು ಬಂತು. ನಗಲಿಲ್ಲ. ಅವರು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಸ್ಸಿಗೆ ಹತ್ತಿಸಿ ಬಂದರು. ಊಟ ಮಾಡಿದರು. ಬೆನ್ನು ನೋಯುತ್ತಿದೆ, ಸ್ವಲ್ಪ ತುಳಿ ಎಂದರು. ನಾನು ಕೈಯಿಂದಲೇ ಒತ್ತಿದೆ. ಅಷ್ಟೇ ಆ ದಿನ.

ಅವರು ಹುಟ್ಟಿದ್ದು ಕುಣಿಗಲ್‌ನಲ್ಲಿ. ತಂದೆ ಸ್ಟಡ್ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದವರು. ಮಗನೂ ಅಲ್ಲೇ ಇರಲಿ ಎಂದು ಅವರ ಆಸೆ. ಎಂಟನೇ ವಯಸ್ಸಿನಲ್ಲಿ ಒಂದು ಮರಿ ಕುದುರೆ ಇವರ ಮಂಡಿಗೆ ಒದ್ದಿತು. ಅಲ್ಲಿಗೆ ಮುಗಿಯಿತು. ಸಾಯುವ ತನಕ ಎಡಗಾಲು ಸ್ವಲ್ಪ ಎಳೆದೇ ನಡೆದರು. "ಕಾರು ಒದೆಯಲ್ಲ. ಹೊಟ್ಟೆ ಹಸಿದ್ರೆ ನಿಂತ್ಕೊಳುತ್ತೆ ಅಷ್ಟೆ" ಎನ್ನುತ್ತಿದ್ದರು. ಗುಬ್ಬಿಯಲ್ಲಿ ಕೊಬ್ಬರಿ ಲಾರಿಗೆ ಕ್ಲೀನರ್ ಆಗಿ ಸೇರಿ, ಡ್ರೈವರ್ ಆದರು. ನಮ್ಮ ತಂದೆಯ ಅಂಗಡಿ ಕೊಬ್ಬರಿ ಮಂಡಿಯ ಎದುರಿಗಿತ್ತು. ಗಾಲಿಗೆ ಗಾಳಿ ಹಾಕುವಾಗ ನನ್ನನ್ನು ನೋಡಿದರಂತೆ. ನಾನು ನೋಡಿರಲಿಲ್ಲ. ಮದುವೆಯ ದಿನವೇ ನೋಡಿದ್ದು. ಅಂಥ ಚೆಂದವೇನೂ ಇರಲಿಲ್ಲ. ಜೋರಾಗಿ ಮಾತಾಡುತ್ತಿದ್ದರು. ಕೈ ಮಾತ್ರ ಯಾವತ್ತೂ ಎತ್ತಲಿಲ್ಲ.

ತೊಂಬತ್ತೊಂದರಲ್ಲಿ ತುಮಕೂರಿಗೆ ಬಂದು ಕಾರು ಹಿಡಿದರು. ಆಗ ನಮ್ಮ ಕಡೆಯ ಹುಡುಗರು ಕೊಲ್ಲಿಗೆ ಹೋಗುವುದು ಹೆಚ್ಚಾಯಿತು. ಮೊದಮೊದಲು ಎಲ್ಲರೂ ಬೊಂಬಾಯಿಗೆ ಹೋಗಿ ವಿಮಾನ ಹತ್ತುತ್ತಿದ್ದರು. ಇವರು ಬಸ್ಸಿಗೋ ರೈಲಿಗೋ ಬಿಟ್ಟು ಬರುತ್ತಿದ್ದರು. ಬೆಂಗಳೂರಿನಿಂದಲೇ ಹೋಗುವುದು ಶುರುವಾದ ಮೇಲೆ ಇವರಿಗೆ ಏರ್‌ಪೋರ್ಟಿನ ಬಾಡಿಗೆಯೇ ಕೆಲಸವಾಯಿತು. ಮನೆಯಿಂದ ಹಳೆಯ ಏರ್‌ಪೋರ್ಟಿಗೆ ಎಂಬತ್ತು ಕಿಲೋಮೀಟರ್. ಎರಡೂಕಾಲು ಗಂಟೆ. ಯಶವಂತಪುರದಲ್ಲಿ ಸಿಕ್ಕಿಕೊಂಡರೆ ಎರಡೂವರೆ, ಮೂರು.

ಅವರಲ್ಲಿ ಒಂದು ಅಭ್ಯಾಸವಿತ್ತು. ಬೇರೆ ಡ್ರೈವರುಗಳು ಗೇಟಿನಲ್ಲಿ ಇಳಿಸಿ ತಿರುಗಿಸಿಕೊಂಡು ಬರುತ್ತಿದ್ದರು. ಇವರು ಬರುತ್ತಿರಲಿಲ್ಲ. ಜೊತೆಗೆ ಬಂದ ಮನೆಯವರನ್ನು ಕರೆದುಕೊಂಡು ಹೋಗಿ, ವಿಮಾನ ಏಳುವುದು ಕಾಣುವಂಥ ಕಡೆ ರಸ್ತೆ ಪಕ್ಕದಲ್ಲಿ ಕಾರು ನಿಲ್ಲಿಸುತ್ತಿದ್ದರು. ಡಿಕ್ಕಿಯಲ್ಲಿ ಒಂದು ಕ್ಯಾನು ನೀರು ಇಟ್ಟಿರುತ್ತಿದ್ದರು. ಅಳುವವರಿಗೆ ಕುಡಿಯಲು. ವಿಮಾನ ಎದ್ದ ಮೇಲೆ ವಾಚು ನೋಡಿ, "ಎದ್ದಿತು. ನಡೀರಿ" ಎನ್ನುತ್ತಿದ್ದರು. ಅದನ್ನು ನನಗೆ ಹೇಳಿದವನು ರುದ್ರಯ್ಯ. ಸ್ಟ್ಯಾಂಡಿನಲ್ಲಿ ಅವರ ಪಕ್ಕದಲ್ಲೇ ಕಾರು ಹಾಕುತ್ತಿದ್ದವನು, ನಮ್ಮ ಹಿಂದಿನ ಬೀದಿಯವನು. "ಅಕ್ಕ, ನಿಮ್ಮ ಸಾಬ್ರಿಗೆ ಒಂದು ಬಾಡಿಗೆಗೆ ಒಂದು ದಿನಾನೇ ಬೇಕು. ಇನ್ನು ಕಾರು ಸಾಕಿದಂಗೇ" ಎಂದು ನಗುತ್ತಿದ್ದ.

ಮೆಹನಾಜ್ ನಮಗೆ ಒಬ್ಬಳೇ. ಅವಳ ಗಂಡ ಅರ್ಫಾತ್ ದುಬೈಯಲ್ಲಿ ಏಸಿ ರಿಪೇರಿ ಮಾಡುತ್ತಾನೆ. ತೊಂಬತ್ತೊಂಬತ್ತರಲ್ಲಿ ಅವಳನ್ನೂ ಕರೆಸಿಕೊಂಡ. ಅವಳನ್ನು ಬಿಟ್ಟು ಬರಲು ಅವರೊಬ್ಬರೇ ಹೋದರು. ನನಗೆ ಜ್ವರ. ವಾಪಸು ಬಂದಾಗ ಅವಳು ಇನ್ನೂ ಗಾಳಿಯಲ್ಲೇ ಇದ್ದಳು.

"ಈಗ ಎಲ್ಲಿದ್ದಾಳೆ?" ಎಂದೆ.

"ದಾರೀಲಿ."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ. ಮತ್ತೆ ದಾರಿಯಲ್ಲಿ ಎಂದರು. ಐದನೇ ಸಲ ಕೇಳಿದಾಗ ಅವರಿಗೆ ರೇಗಿತು. ಒಳಗೆ ಹೋಗಿ ಪೆಟ್ಟಿಗೆಯಿಂದ ಅವಳ ಸ್ಲೇಟು ತೆಗೆದು, ಗೆರೆ ಎಳೆದು ನನ್ನ ಮುಂದೆ ಹಿಡಿದರು.

"ನೋಡು. ಎರಡು ಸಾವಿರದ ಏಳುನೂರು ಕಿಲೋಮೀಟರ್. ನಾಲ್ಕು ಗಂಟೆ. ಇದು ನೆಲ. ಇದೆಲ್ಲ ನೀರು. ಇಲ್ಲಿಂದ ಮರಳು. ಈಗ ಇಲ್ಲಿದ್ದಾಳೆ. ಇನ್ನು ಕೇಳಿದ್ರೆ ಈ ಸ್ಲೇಟನ್ನ ನಿನ್ನ ಕತ್ತಿಗೆ ಕಟ್ತೀನಿ."

"ಎರಡು ಸಾವಿರದ ಏಳುನೂರು ಅಂದ್ರೆ ಎಷ್ಟು ದೂರ?"

ಅವರು ತಲೆ ಕೆರೆದುಕೊಂಡರು. "ನಿಮ್ಮ ತವರಿಗೆ ಇಪ್ಪತ್ತು ಕಿಲೋಮೀಟರ್. ಹೋಗಿ ಬಂದ್ರೆ ನಲವತ್ತು. ಹಂಗೆ ಅರವತ್ತೇಳು ಸಲ ನಿನ್ನ ತವರಿಗೆ ಹೋಗಿ ಬರ್ಬೇಕು."

"ನೀವು ವರ್ಷಕ್ಕೆ ಎರಡು ಸಲ ಕರ್ಕೊಂಡು ಹೋಗ್ತೀರಿ" ಎಂದೆ. "ಮೂವತ್ತು ವರ್ಷ ಮೇಲಾಯ್ತು."

ಜ್ವರದಲ್ಲೂ ನಗು ಬಂತು. ಅವರೂ ನಕ್ಕರು, ಆಮೇಲೆ ಎದ್ದು ಹೊರಗೆ ಹೋಗಿ ಕಾರಿನೊಳಗೆ ಕೂತರು. ತುಂಬಾ ಹೊತ್ತು ಕೂತಿದ್ದರು. ನಾನು ಕರೆಯಲಿಲ್ಲ.

ಅಲ್ಲಿಂದ ಸ್ಲೇಟು ಬಾಗಿಲ ಪಕ್ಕಕ್ಕೆ ಬಂತು. ಬೀದಿಯ ಹೆಂಗಸರು, ಗುಬ್ಬಿಯವರು, ಕುಣಿಗಲ್ಲಿನ ಅವರ ನೆಂಟರು, ಯಾರ ಮನೆಯಿಂದ ಯಾರು ಹೋದರೂ ಅವರು ಅದರ ಮೇಲೆ ಬರೆಯುತ್ತಿದ್ದರು. ಜೆದ್ದಾಕ್ಕೆ ಇಷ್ಟು, ಮಸ್ಕತ್ತಿಗೆ ಇಷ್ಟು. ಬೆಳಿಗ್ಗೆ ಎದ್ದ ಕೂಡಲೇ ಹಳೆಯದನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅವರ ಕೆಲಸ. ಇಳಿಯುವ ಹೊತ್ತು ಬರೆಯುವುದು, ಒಂದೂವರೆ ಸೇರಿಸುವುದು, ಜೆದ್ದಾಕ್ಕಾದರೆ ಎರಡೂವರೆ. ನೋಡಿ ನೋಡಿ ನನಗೂ ಬಂತು.

ಆದರೆ ಅವರು ಬರುವವರದ್ದು ಬರೆಯುತ್ತಿರಲಿಲ್ಲ. ಹೋಗುವವರದ್ದು ಮಾತ್ರ. ಮೆಹನಾಜ್ ಎರಡು ಸಾವಿರದ ಒಂದರಲ್ಲಿ ಮಗುವನ್ನು ಎತ್ತಿಕೊಂಡು ಬಂದಾಗ ನಾನು ಬಳಪ ತಂದುಕೊಟ್ಟೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಬರೋರದ್ದು ಬರೀಬಾರ್ದು. ಬಂದ ಮೇಲೆ ಬಂದ್ರು ಅನ್ನಬೇಕು. ಮೊದಲೇ ಬರೆದ್ರೆ ನೋಡಿದೋರ ಕಣ್ಣು ಬೀಳ್ತದೆ."

ಅದು ಅವರ ತಾಯಿಯಿಂದ ಬಂದ ನಂಬಿಕೆ. ಲಾರಿ ದಿನಗಳಲ್ಲೂ ಅಷ್ಟೇ, ಇಷ್ಟು ಹೊತ್ತಿಗೆ ಬರುತ್ತೇನೆ ಎಂದು ಒಮ್ಮೆಯೂ ಹೇಳಿ ಹೋದವರಲ್ಲ. ಬರುವವರ ಟಿಕೀಟನ್ನು ನಾನು ಕಣ್ಣಿಂದ ನೋಡಿರಲಿಲ್ಲ. ಅದರ ಲೆಕ್ಕ ಅವರ ತಲೆಯಲ್ಲೇ ಇತ್ತು.

ಆ ಮಂಗಳವಾರದ ಮರುದಿನ, ಬುಧವಾರ, ಬೆಳಗಿನ ನಮಾಜು ಮುಗಿಸಿ ಬಂದರು. ಬಕೆಟ್ಟು ತೆಗೆದುಕೊಂಡು ಕಾರು ತೊಳೆಯಲು ಹೋದರು. ನಾನು ಒಲೆ ಹಚ್ಚುತ್ತಿದ್ದೆ. ಬಕೆಟ್ಟು ಉರುಳಿದ ಸದ್ದಾಯಿತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಹೋಗಿ ನೋಡಿದರೆ ಮುಂದಿನ ಗಾಲಿಗೆ ಒರಗಿ ಕೂತಿದ್ದರು. ಎದೆಯ ಮೇಲೆ ಒದ್ದೆ ಬಟ್ಟೆ ಹಿಡಿದಿದ್ದರು.

ರುದ್ರಯ್ಯ ಓಡಿ ಬಂದ. ಅವರ ಕಾರಿನಲ್ಲೇ ಅವರನ್ನು ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಮುಗಿದು ಹೋಗಿದೆ ಎಂದರು. ಆರೂಮುಕ್ಕಾಲಿಗೆ ವಾಪಸು ಮನೆಯಲ್ಲಿದ್ದೆವು. ಒಲೆ ಇನ್ನೂ ಉರಿಯುತ್ತಿತ್ತು. ಚಹಾ ಬತ್ತಿ ತಳ ಹಿಡಿದಿತ್ತು.

ರುದ್ರಯ್ಯನೇ ಬೂತಿಗೆ ಹೋಗಿ ದುಬೈಗೆ ಫೋನು ಮಾಡಿದ. ಮೆಹನಾಜ್ ಒಂದೇ ಮಾತು ಹೇಳಿದಳಂತೆ. "ಅಣ್ಣ, ನಾನು ಬರ್ತೀನಿ. ನಾನು ಬರೋ ತನಕ ಅಬ್ಬಾನ ತಗೊಂಡು ಹೋಗ್ಬೇಡಿ ಅಂತ ಅಮ್ಮಿಗೆ ಹೇಳಿ. ಮುಖ ನೋಡ್ಬೇಕು."

ನಮ್ಮಲ್ಲಿ ಮಣ್ಣು ಮಾಡಲು ತಡ ಮಾಡುವುದಿಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನ. ಹೆಂಗಸರು ಖಬರಸ್ತಾನಕ್ಕೆ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಮಗಳಾದವಳು ಮುಖ ನೋಡಬೇಕಾದರೆ ಮನೆಯಲ್ಲೇ ನೋಡಬೇಕು. ಬಾಗಿಲು ದಾಟಿದ ಮೇಲೆ ಇಲ್ಲ.

ಹತ್ತು ಗಂಟೆಗೆ ಪಕ್ಕದ ಮನೆಯ ದಾಕ್ಷಾಯಣಮ್ಮ ಓಡಿ ಬಂದರು. ಅರ್ಫಾತ್ ಅವರ ಮನೆಗೆ ಫೋನು ಮಾಡಿದ್ದ. ಟಿಕೀಟು ಸಿಕ್ಕಿದೆ, ಮಗುವಿನ ಜೊತೆ ಮೆಹನಾಜ್ ಒಬ್ಬಳೇ ಬರುತ್ತಿದ್ದಾಳೆ, ಅವನಿಗೆ ರಜೆ ಸಿಗಲಿಲ್ಲ.

"ಎಷ್ಟೊತ್ತಿಗೆ?" ಎಂದೆ.

"ಬೆಂಗಳೂರಲ್ಲಿ ಇಳಿಯೋದು ಮೂರು ಇಪ್ಪತ್ತು ಅಂತ ಟಿಕೀಟಲ್ಲಿ ಐತಂತೆ ಕಣಮ್ಮ. ಅಷ್ಟು ಹೇಳಿ ಇಟ್ಬಿಟ್ಟ, ಪಾಪ, ಅವನೂ ಅಳ್ತಿದ್ದ."

ನಾನು ಎದ್ದು ಸ್ಲೇಟು ತೆಗೆದೆ. ಬೆಟ್ಟಯ್ಯನ ಗೆರೆ ಇನ್ನೂ ಇತ್ತು. ಅವತ್ತು ಅದನ್ನು ಒರೆಸುವವರು ಒರೆಸಿರಲಿಲ್ಲ. ನಾನು ಕೈಯಿಂದ ಒರೆಸಿ ಬರೆದೆ. ಇಳಿಯುವುದು 3.20. ಬರುವವರದ್ದು ಬರೆಯಬಾರದು ಎನ್ನುವುದು ನೆನಪಿತ್ತು. ಇನ್ನೇನು ಕಣ್ಣು ಬಿದ್ದೀತು ಎಂದು ಬರೆದೆ.

ರುದ್ರಯ್ಯ ನಮ್ಮ ಕಾರಿನಲ್ಲೇ ಏರ್‌ಪೋರ್ಟಿಗೆ ಹೊರಟ. ಹನ್ನೆರಡು ಗಂಟೆ. ದಾಕ್ಷಾಯಣಮ್ಮ ಮೂರು ಇಪ್ಪತ್ತು ಎಂದು ಅವನಿಗೂ ಹೇಳಿದರು. ಇವನು ಇಷ್ಟು ಬೇಗ ಹೋಗಿ ಸುಮ್ಮನೆ ಕಾಯುತ್ತಾನೆ ಎಂದುಕೊಂಡೆ. ಹೇಳುವುದಕ್ಕೆ ಬಾಯಿ ಬರಲಿಲ್ಲ.

ಒಳಗೆ ಅವರನ್ನು ಮಲಗಿಸಿದ ಮರದ ತಖ್ತದ ಸುತ್ತ ಐಸು ಜೋಡಿಸಿದ್ದರು. ಮೇ ತಿಂಗಳ ಬಿಸಿಲು. ಹೆಂಚಿನ ಮನೆ. ಐಸು ಕರಗಿ ಹೊಸಿಲ ತನಕ ನೀರು. ಎರಡು ಸಲ ಒರೆಸಿದೆ. ಮೂರನೇ ಸಲ ಬಿಟ್ಟೆ.

ಮಧ್ಯಾಹ್ನದ ನಮಾಜು ಮುಗಿಸಿ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಬುಡನ್ ಸಾಬರು ಬಂದರು. ವಯಸ್ಸಾದವರು, ಬೀದಿಯಲ್ಲಿ ಅವರ ಮಾತೇ ಮಾತು. ಬಾಗಿಲ ಹೊರಗೇ ನಿಂತು ಕೇಳಿದರು.

"ನಜೀರಾ ಬೀ, ಇನ್ನೊಂದ್ ಗಾಡಿ ಐಸು ತರಿಸಕ್ಕೆ ಹೇಳಿದೀನಿ. ಆದ್ರೆ ಬಿಸಿಲು ನೋಡು. ಒಂದ್ ಮಾತ್ ಹೇಳ್ಬಿಡಮ್ಮ. ಮಗಳು ಮಗ್ರಿಬ್ ಒಳಗೆ ಬರ್ತಾಳೆ ಅಂದ್ರೆ ತಡೀತೀವಿ. ಸೂರ್ಯ ಮುಳುಗೋ ತನಕ ನಾನ್ ನಿಂತ್ಕೋತೀನಿ, ಯಾರೂ ಮಾತಾಡಲ್ಲ. ಅದಕ್ಕೂ ಮೇಲೆ ಆಗುತ್ತೆ ಅಂದ್ರೆ ಐದು ಗಂಟೆಗೆ ಅಸರ್ ನಮಾಜ್ ಆದ್ಮೇಲೆ ತಗೊಂಡ್ ಹೋಗಾಣ. ಇಟ್ಕೊಳೋದು ಅವರಿಗೇ ಹಿಂಸೆ."

ಒಬ್ಬ ಯಾರೋ, "ಏರ್‌ಪೋರ್ಟಿಗೆ ಫೋನ್ ಮಾಡಿ ಕೇಳಾಣ್ವಾ?" ಎಂದ.

"ಯಾಕಪ್ಪ?" ಎಂದರು ಬುಡನ್ ಸಾಬರು. "ಇಸಾಕ್ ಸಾಬ್ ಮನೆ ಮುಂದೆ ನಿಂತ್ಕೊಂಡು ವಿಮಾನದ ಟೈಮು ಬೇರೆ ಕಡೆ ಕೇಳ್ತಾರಾ? ಊರಿಗೆಲ್ಲಾ ಹೇಳಿದ ಮನೆ ಇದು."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸ್ಲೇಟು ನೋಡಿದೆ.

ಮೂರು ಇಪ್ಪತ್ತು. ಅದಕ್ಕೆ ಒಂದೂವರೆ. ನಾಲ್ಕೂ ಐವತ್ತು. ಹೊರಗೆ ಬರಲು ಒಂದು ಗಂಟೆ. ಐದೂ ಐವತ್ತು. ಸಂಜೆಯ ಹೊತ್ತು ಯಶವಂತಪುರ, ಎರಡೂವರೆ ಗಂಟೆ. ಎಂಟೂ ಇಪ್ಪತ್ತು. ಎರಡು ಸಲ ಮಾಡಿದೆ. ಬೆರಳಿನಿಂದ ಮಾಡಿದೆ. ಅದೇ ಬಂತು. ತಪ್ಪಿಲ್ಲ ಎಂದು ಖಾತ್ರಿಯಿತ್ತು. ಅವರು ಕಲಿಸಿದ್ದು.

"ಎಂಟೂವರೆ ಆಗುತ್ತೆ" ಎಂದೆ.

ಬುಡನ್ ಸಾಬರು ತಲೆ ತಗ್ಗಿಸಿದರು. "ಏನ್ ಮಾಡಾಣಮ್ಮ?"

ದಾಕ್ಷಾಯಣಮ್ಮ ನನ್ನ ಕೈ ಹಿಡಿದುಕೊಂಡರು. ನಾನು ಐಸಿನ ನೀರಿನಲ್ಲಿ ನಿಂತಿದ್ದೆ. ತಖ್ತದ ಮೇಲಿದ್ದ ಅವರ ಮುಖ ನೋಡಿದೆ. ಬಣ್ಣ ಆಗಲೇ ಬೇರೆಯಾಗುತ್ತಿತ್ತು. ಮೆಹನಾಜ್ ಬಂದು ಆ ಬಣ್ಣ ನೋಡುವುದು ಬೇಡ ಎಂದೂ ಒಂದು ಮನಸ್ಸು.

"ತಗೊಂಡ್ ಹೋಗಿ" ಎಂದೆ.

ಅದನ್ನು ಹೇಳಿದ್ದು ನಾನೇ. ಬೇರೆ ಯಾರೂ ಅಲ್ಲ.

ಸ್ನಾನ ಮಾಡಿಸಿದರು. ಬಿಳಿ ಬಟ್ಟೆ ಸುತ್ತಿದರು. ಐದು ಗಂಟೆಗೆ ಎತ್ತಿದರು. ಸ್ಟ್ಯಾಂಡಿನ ಡ್ರೈವರುಗಳೆಲ್ಲ ಬಂದಿದ್ದರು. ಗಂಡಸರೆಲ್ಲ ಹೋದ ಮೇಲೆ ಬೀದಿ ಖಾಲಿ. ಹೆಂಗಸರು ಒಳಗೆ ಕುರಾನ್ ಓದುತ್ತಿದ್ದರು. ನಾನು ಬಾಗಿಲ ಪಕ್ಕದಲ್ಲಿ ಕೂತೆ.

ಆರೂ ಕಾಲಿಗೆ ಕಾರಿನ ಸದ್ದು ಕೇಳಿಸಿತು.

ನಮ್ಮ ಕಾರಿನ ಸದ್ದು ನನಗೆ ಗೊತ್ತು. ಅವರೇ ಬಂದರು ಎಂದು ಎದ್ದೆ. ಎದ್ದ ಮೇಲೆ ನೆನಪಾಯಿತು. ಬಿಸಿಲು ಇನ್ನೂ ಎದುರು ಮನೆಯ ಗೋಡೆಯ ಮೇಲಿತ್ತು. ಮೆಹನಾಜ್ ಮಗುವನ್ನು ಎತ್ತಿಕೊಂಡು ಇಳಿದು ಓಡಿ ಬಂದಳು. ಚಪ್ಪಲಿ ಒಂದು ಕಾಲಲ್ಲಿತ್ತು, ಒಂದು ಇರಲಿಲ್ಲ.

"ಅಮ್ಮಿ, ಅಬ್ಬಾ ಎಲ್ಲಿ?"

ಒಳಗೆ ತಖ್ತ ಖಾಲಿ. ಕೆಳಗೆ ನೀರು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದಳು.

"ಯಾವಾಗ?"

"ಐದಕ್ಕೆ."

"ಒಂದು ಗಂಟೆ" ಎಂದಳು. "ಒಂದು ಗಂಟೆ ತಡೆಯೋಕೆ ಆಗಲಿಲ್ವಾ ಇವರಿಗೆ? ನಾನು ಬರ್ತೀನಿ ಅಂದಿದ್ನಲ್ಲ ಅಮ್ಮಿ."

ರುದ್ರಯ್ಯ ಬಾಗಿಲಲ್ಲಿ ನಿಂತಿದ್ದ. ಬೆವರಿಗೆ ಅಂಗಿ ಅಂಟಿತ್ತು. "ಅಕ್ಕ, ಮೂರು ಇಪ್ಪತ್ತಕ್ಕೇ ಇಳೀತು. ನಾಲ್ಕಕ್ಕೆ ಹೊರಗೆ ಬಂದ್ಳು. ಎಲ್ಲೂ ನಿಲ್ಲಿಸ್ಲಿಲ್ಲ ನಾನು. ನೀರೂ ಕುಡೀಲಿಲ್ಲ."

ಅವನು ಹಾಗೇ ಖಬರಸ್ತಾನದ ಕಡೆ ಓಡಿದ. ಅಲ್ಲಿ ಎಲ್ಲರೂ ಮಣ್ಣು ಹಾಕಿ ಕೈ ತೊಳೆಯುತ್ತಿದ್ದರಂತೆ. ಮಗ್ರಿಬ್ ಬಾಂಗು ಆಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಬುಡನ್ ಸಾಬರು ವಾಪಸು ಬಂದಾಗ ಮೆಹನಾಜ್ ಅವರ ಮೇಲೆ ಏರಿ ಹೋದಳು. ದೊಡ್ಡವರು ಎಂದು ನೋಡದೆ ಏನೇನೋ ಅಂದಳು. ಆ ಮುದುಕರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲಾ ಕೇಳಿಸಿಕೊಂಡರು. ನಿಮ್ಮ ತಾಯಿ ಹೇಳಿದ್ದು ಎಂದು ಅನ್ನಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪಾಯ್ತಮ್ಮ" ಎಂದು ಹೋದರು. ನಾನು ಬಾಯಿ ಬಿಡಲಿಲ್ಲ. ಅದು ನನ್ನ ಎರಡನೇ ತಪ್ಪು.

ಎಲ್ಲಿ ತಪ್ಪಿದೆ ಎಂದು ನನಗೆ ಆಗ ತಿಳಿಯಲಿಲ್ಲ. ವಿಮಾನ ಬೇಗ ಬಂತೇನೋ ಎಂದುಕೊಂಡೆ. ಮೂರು ದಿನ ಹಾಗೇ ಇದ್ದೆ. ನಾಲ್ಕನೇ ದಿನ ಮೆಹನಾಜಳ ಚೀಲದಲ್ಲಿ ಮಗುವಿನ ಬಟ್ಟೆ ಹುಡುಕುವಾಗ ಟಿಕೀಟು ಸಿಕ್ಕಿತು. ಇಂಗ್ಲಿಷು ಬರುವುದಿಲ್ಲ, ಅಂಕಿ ಬರುತ್ತದೆ. ಬಿಡುವುದು ಹತ್ತು. ಇಳಿಯುವುದು ಮೂರು ಇಪ್ಪತ್ತು. ಅವರು ನಾಲ್ಕು ಗಂಟೆ ಎನ್ನುತ್ತಿದ್ದರು. ಇದು ಐದು ಗಂಟೆಯ ಮೇಲೆ ಬರುತ್ತಿತ್ತು. ಕೂತು ಬೆರಳು ಮಡಚಿದೆ. ಅಲ್ಲಿ ಹತ್ತು ಎಂದರೆ ನಮಗೆ ಹನ್ನೊಂದೂವರೆ. ಅಲ್ಲಿಂದ ಹತ್ತಿರ ಹತ್ತಿರ ನಾಲ್ಕು ಗಂಟೆ. ಮೂರು ಇಪ್ಪತ್ತು.

ಟಿಕೀಟಿನಲ್ಲಿ ಬಿಡುವ ಹೊತ್ತು ಬಿಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಹೋಗುವವರಿಗೆ ಇಳಿಯುವ ಊರು ದುಬೈ. ಅದಕ್ಕೇ ಒಂದೂವರೆ ಸೇರಿಸುತ್ತಿದ್ದರು. ಬರುವವರಿಗೆ ಇಳಿಯುವ ಊರು ನಮ್ಮದೇ. ಸೇರಿಸುವುದು ಏನೂ ಇಲ್ಲ. ಇಷ್ಟೇ ವಿಷಯ. ಬರುವವರದ್ದು ಒಂದು ಸಲ ನನ್ನ ಮುಂದೆ ಬರೆದಿದ್ದರೆ ನನಗೂ ಗೊತ್ತಾಗುತ್ತಿತ್ತು. ಆ ದಿನ ಅವರ ಮೇಲೆ ಬಹಳ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಮಾಡಿದೆ.

ಮೆಹನಾಜಳನ್ನು ಕರೆದೆ. ಟಿಕೀಟು ಕೊಟ್ಟೆ. ಸ್ಲೇಟು ತೋರಿಸಿದೆ. 3.20 ಅದರ ಮೇಲೆ ಹಾಗೇ ಇತ್ತು.

"ಬುಡನ್ ಸಾಬ್ ಅಲ್ಲ" ಎಂದೆ. "ತಡೀತೀನಿ ಅಂದ್ರು ಅವರು. ಎಂಟೂವರೆ ಆಗುತ್ತೆ, ತಗೊಂಡ್ ಹೋಗಿ ಅಂದಿದ್ದು ನಾನು."

ಅವಳು ಸ್ಲೇಟನ್ನು ಕೈಗೆ ತೆಗೆದುಕೊಂಡಳು. ಎತ್ತಿ ಒಡೆಯುತ್ತಾಳೆ ಎಂದುಕೊಂಡೆ. ಒಡೆಯಲಿಲ್ಲ.

"ಅಮ್ಮಿ, ಇದು ನಮ್ಮ ಗಂಟೆಯೇ" ಎಂದಳು, ಮಗುವಿಗೆ ಹೇಳಿದ ಹಾಗೆ.

"ಈಗ ಗೊತ್ತಾಯ್ತು."

"ಯಾರನ್ನಾದ್ರೂ ಕೇಳಬಾರದಿತ್ತಾ?"

ಅವಳು ಮರುದಿನ ಹೋಗಿ ಬುಡನ್ ಸಾಬರ ಕಾಲು ಮುಟ್ಟಿ ಬಂದಳು. ನನ್ನ ಜೊತೆ ಮಾತು ಬಿಡಲಿಲ್ಲ. ಆದರೆ ಮೊದಲಿನ ಹಾಗೆ ಮಡಿಲಲ್ಲಿ ತಲೆ ಇಟ್ಟು ಮಲಗಲೂ ಇಲ್ಲ. ನಲವತ್ತನೇ ದಿನ ಮುಗಿಸಿ ವಾಪಸು ಹೊರಟಳು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಹೊಸಿಲು ದಾಟುವ ಹಾಗಿಲ್ಲ. ಹೀಗಾಗಿ ಆ ಸಲವೂ ನಾನು ಅವಳನ್ನು ಬಿಡಲು ಹೋಗಲಿಲ್ಲ. ರುದ್ರಯ್ಯ ಬಿಟ್ಟು ಬಂದ. ವಿಮಾನ ಏಳುವ ತನಕ ನಿಂತಿದ್ದೆ ಎಂದು ಹೇಳಿದ. ನಾನು ಸ್ಲೇಟಿನ ಮುಂದೆ ಕೂತು ನಾಲ್ಕು ಗಂಟೆ ಬೆರಳು ಸರಿಸಿದೆ. ಈಗ ಎಲ್ಲಿದ್ದಾಳೆ ಎಂದು ಕೇಳಲು ಯಾರೂ ಇರಲಿಲ್ಲ.

ಅದಾದ ಮೇಲೆ ಅವಳು ಮೂರು ಸಲ ಬಂದು ಹೋಗಿದ್ದಾಳೆ. ಕಾರನ್ನು ರುದ್ರಯ್ಯನಿಗೆ ಕೊಟ್ಟೆ. ಈಗ ಏರ್‌ಪೋರ್ಟು ಹಳೆಯ ಜಾಗದಲ್ಲಿಲ್ಲ, ದೇವನಹಳ್ಳಿಗೆ ಹೋಯಿತು. ದೊಡ್ಡಬಳ್ಳಾಪುರದ ಮೇಲೆ ಹೋದರೆ ಯಶವಂತಪುರದ ಕಾಟವಿಲ್ಲ ಎನ್ನುತ್ತಾನೆ ರುದ್ರಯ್ಯ. ನಮ್ಮವರು ಆ ಏರ್‌ಪೋರ್ಟು ನೋಡಲಿಲ್ಲ. ವಿಮಾನದ ದಾರಿ ಮಾತ್ರ ಅದೇ, ಅದೇ ನಾಲ್ಕು ಗಂಟೆ.

ಹೆಂಗಸರು ಈಗಲೂ ಬಂದು ಕೇಳುತ್ತಾರೆ. ಮೊಬೈಲು ಬಂದ ಮೇಲೆ ಕಮ್ಮಿ. ರಂಗಮ್ಮ ಬರುತ್ತಾಳೆ, ಅವಳ ಮಗ ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ನಾನು ಮೊದಲು ಒಂದು ಮಾತು ಕೇಳುತ್ತೇನೆ.

"ಹೋಗೋದೋ, ಬರೋದೋ?"

"ಬರೋದು ಕಣವ್ವ."

"ಹಂಗಾದ್ರೆ ಟಿಕೀಟಲ್ಲಿ ಇರೋದೇ."

ನಾನು ಬರುವವರದ್ದೂ ಬರೆಯುತ್ತೇನೆ. ಕಣ್ಣು ಬಿದ್ದರೆ ಬೀಳಲಿ.

3.20 ಬರೆಯುವಾಗ ಬಳಪ ಒತ್ತಿ ಬರೆದಿದ್ದೆ. ಸ್ಲೇಟಿನ ಮೇಲೆ ಗೀರು ಬಿದ್ದಿದೆ. ಬೆಳಗಿನ ನಮಾಜು ಮುಗಿಸಿ, ಒಲೆ ಹಚ್ಚುವ ಮೊದಲು, ಬಟ್ಟೆ ಒದ್ದೆ ಮಾಡಿ ಒರೆಸುತ್ತೇನೆ. ಉಳಿದದ್ದೆಲ್ಲ ಹೋಗುತ್ತದೆ. ಒಣಗಲು ಬಿಟ್ಟು, ಗೋಡೆ ಗಡಿಯಾರ ನೋಡಿ, ಮೇಲೆ ನಮ್ಮ ಗಂಟೆ ಬರೆಯುತ್ತೇನೆ, ಕೆಳಗೆ ಅಲ್ಲಿನ ಗಂಟೆ. ಆರು. ನಾಲ್ಕೂವರೆ. ಮೆಹನಾಜ್ ಇನ್ನೂ ಎದ್ದಿರುವುದಿಲ್ಲ. ಸ್ಲೇಟನ್ನು ಮೊಳೆಗೆ ಸಿಕ್ಕಿಸಿ ಚಹಾಕ್ಕೆ ನೀರು ಇಡುತ್ತೇನೆ.